ಧ್ರುವಪ್ರಭೆ ಬಿಡಿಸಲು ಫೋನ್ ಸಾಕೇ, ಪೆನ್ ಟ್ಯಾಬ್ಲೆಟ್ ಬೇಕೇ, ಐಪ್ಯಾಡೇ ಆಗಬೇಕೇ?

ಬಳ್ಳಾರಿ ಗುಡ್ಡದ ಮೇಲೆ ಹಸಿರು ಬೆಳಕಿನ ಪರದೆ ಇಳಿಬಿದ್ದಂತೆ ಒಂದು ಡಿಜಿಟಲ್ ಚಿತ್ರ ಮಾಡಬೇಕು, ಯಾವ ಆ್ಯಪ್ ಒಳ್ಳೆಯದು? ಹೀಗೆ ಕೇಳುವವರಲ್ಲಿ ಫೋನ್ ಬಿಟ್ಟರೆ ಬೇರೇನೂ ಇಲ್ಲದ ಕಾಲೇಜು ಹುಡುಗರಿದ್ದಾರೆ, ಮದುವೆ ಆಲ್ಬಂ ಮಾಡುವ ಸ್ಟುಡಿಯೋದವರಿದ್ದಾರೆ, ಶಾಲೆಯ ಡ್ರಾಯಿಂಗ್ ಮೇಷ್ಟ್ರಿದ್ದಾರೆ. ಎಲ್ಲರಿಗೂ ಒಂದೇ ಉತ್ತರ ಹೇಳಿದರೆ ಯಾರೋ ಒಬ್ಬರ ದುಡ್ಡು ದಂಡ. ಅಲ್ಲದೆ ಆ್ಯಪ್‌ನ ಮಾತು ಆಮೇಲಿನದು. ಎಂಥ ಧ್ರುವಪ್ರಭೆ (ಅರೋರಾ, ಧ್ರುವಗಳ ಕಡೆಯ ರಾತ್ರಿ ಆಕಾಶದಲ್ಲಿ ಆಡುವ ಬಣ್ಣದ ಬೆಳಕು) ಬಿಡಿಸುತ್ತೀರಿ, ಅದನ್ನು ಕೊನೆಗೆ ಎಲ್ಲಿ ನೋಡುತ್ತಾರೆ ಎಂಬ ಎರಡು ಸಂಗತಿ ಗೊತ್ತಾದರೆ ಉಳಿದದ್ದು ಅರ್ಧ ತಾನಾಗಿಯೇ ತೀರ್ಮಾನವಾಗುತ್ತದೆ.

ಪರದೆಯೋ, ಮಬ್ಬೋ

ಸೌರಮಾರುತದ ಹೊಡೆತಕ್ಕೆ ಭೂಮಿಯ ಕಾಂತಕ್ಷೇತ್ರದಲ್ಲಿ ವೇಗ ಪಡೆದ ಎಲೆಕ್ಟ್ರಾನುಗಳು ಕಾಂತರೇಖೆಗಳ ಗುಂಟ ಇಳಿದು ಮೇಲಿನ ಗಾಳಿಗೆ ಬಡಿಯುತ್ತವೆ. ಸುಮಾರು 100ರಿಂದ 150 ಕಿ.ಮೀ. ಎತ್ತರದಲ್ಲಿ ಆಮ್ಲಜನಕದ ಪರಮಾಣು 557.7 ನ್ಯಾನೊಮೀಟರಿನ ಹಸಿರು ಸೂಸುತ್ತದೆ. 200 ಕಿ.ಮೀ. ದಾಟಿದ ಮೇಲೆ ಅದೇ ಆಮ್ಲಜನಕದ್ದು 630 ನ್ಯಾನೊಮೀಟರಿನ ಕೆಂಪು. ಪರದೆಯ ಕೆಳಅಂಚಿನಲ್ಲಿ ಒಮ್ಮೊಮ್ಮೆ ಕಾಣುವ ಗುಲಾಬಿ, ನೇರಳೆ ಸಾರಜನಕದ್ದು. ಚಿತ್ರಗಾರನಿಗೆ ಇದರಿಂದ ಸಿಗುವ ನಿಯಮ ಇಷ್ಟೇ: ಕೆಂಪು ಮೇಲೆ, ಹಸಿರು ನಡುವೆ, ಗುಲಾಬಿ ಸೆರಗಿನಂತೆ ಕೆಳಗೆ. ಕೆಳಅಂಚು ಚೂಪು, ಮೇಲಂಚು ಕರಗಿಹೋದಂತೆ. ಇದನ್ನು ತಲೆಕೆಳಗು ಮಾಡಿದ ಚಿತ್ರಗಳೇ ಹೆಚ್ಚು, ನೋಡಿದವರಿಗೆ ಏನೋ ಸರಿಯಿಲ್ಲ ಅನ್ನಿಸುವುದೂ ಅದಕ್ಕೇ.

ಈಗ ನಮ್ಮ ಊರಿಗೆ ಬನ್ನಿ. ಬಳ್ಳಾರಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿಂದ ಧ್ರುವನಕ್ಷತ್ರ ದಿಗಂತದಿಂದ 15 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ, ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿಯಷ್ಟು. ನಾರ್ವೆಯ ಟ್ರಾಮ್ಸೊದಲ್ಲಿ ಅದೇ ನಕ್ಷತ್ರ ಸುಮಾರು 70 ಡಿಗ್ರಿ ಎತ್ತರದಲ್ಲಿ, ನೆತ್ತಿಗೆ ಹತ್ತಿರ. ತಲೆಯ ಮೇಲೆ ಹಸಿರು ಪರದೆ ಬೀಸುವುದು ಆ ಊರುಗಳ ಆಕಾಶದ ಸೊತ್ತು. ಅದನ್ನು ಬಳ್ಳಾರಿ ಗುಡ್ಡದ ಮೇಲೆ ತಂದರೆ ಕಲ್ಪನೆಯ ಚಿತ್ರ, ಅದರಲ್ಲೇನೂ ತಪ್ಪಿಲ್ಲ. ನಂಬುವಂಥ ಕಲ್ಪನೆ ಬೇಕಾದರೆ ಇನ್ನೊಂದು ದಾರಿಯಿದೆ. 2024ರ ಮೇ 10-11ರ ರಾತ್ರಿಯ ದೊಡ್ಡ ಸೌರ ಬಿರುಗಾಳಿಯ ಹೊತ್ತಿಗೆ ಲಡಾಖಿನ ಹಾನ್ಲೆ ವೀಕ್ಷಣಾಲಯದ ಕ್ಯಾಮೆರಾಗಳು ದಿಗಂತದ ಮೇಲೆ ಕೆಂಪು ಮಬ್ಬು ಹಿಡಿದವು. ದೂರದಲ್ಲಿ ನಡೆಯುವ ಧ್ರುವಪ್ರಭೆಯ ಹಸಿರು ಭಾಗ ಭೂಮಿಯ ಬಾಗಿನ ಕೆಳಗೆ ಮರೆಯಾಗಿ ಎತ್ತರದ ಕೆಂಪು ಮಾತ್ರ ಕಂಡಿತು. ಆನೆಗುಂದಿಯ ಬಂಡೆಗಳ ಹಿಂದೆ, ಉತ್ತರ ದಿಕ್ಕಿನಲ್ಲಿ, ತಗ್ಗಿನಲ್ಲಿ ಇಂಥದೇ ಕೆಂಪು ಮಬ್ಬು ಇಟ್ಟರೆ ಚಿತ್ರಕ್ಕೆ ಬೇರೆಯೇ ಗಾಂಭೀರ್ಯ ಬರುತ್ತದೆ.

ಇವೆರಡರಲ್ಲಿ ಯಾವುದು ಎಂಬುದು ರುಚಿಯ ಮಾತಷ್ಟೇ ಅಲ್ಲ, ಖರ್ಚಿನ ಮಾತೂ ಹೌದು. ಹಸಿರು ಪರದೆಯಲ್ಲಿ ಎಳೆ ಎಳೆಯಾದ ಗೆರೆಗಳಿರುತ್ತವೆ, ಸಣ್ಣ ದೋಷಗಳನ್ನು ಅವು ಮುಚ್ಚಿಹಾಕುತ್ತವೆ. ಕೆಂಪು ಮಬ್ಬಿನಲ್ಲಿ ಮುಚ್ಚಲು ಏನೂ ಇಲ್ಲ. 8 ಬಿಟ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೆ 0ರಿಂದ 255ರವರೆಗೆ 256 ಮೆಟ್ಟಿಲು. ನಿಮ್ಮ ಕೆಂಪು 60ರಿಂದ 0ಗೆ 2000 ಪಿಕ್ಸೆಲ್ ಎತ್ತರದಲ್ಲಿ ಇಳಿಯುವುದಾದರೆ ಸಿಗುವುದು 60 ಮೆಟ್ಟಿಲು, ಒಂದೊಂದೂ 33 ಪಿಕ್ಸೆಲ್ ಅಗಲ. ಕತ್ತಲೆ ಕೋಣೆಯಲ್ಲಿ ನೋಡಿದರೆ ಹೊಲದ ಬದುವಿನಂತೆ ಪಟ್ಟೆ ಪಟ್ಟೆಯಾಗಿ ಎದ್ದು ಕಾಣುತ್ತದೆ. ಬ್ಯಾಂಡಿಂಗ್ ಅನ್ನುವುದು ಇದನ್ನೇ.

ತೂಗಿ ನೋಡಬೇಕಾದ ಅಂಶಗಳು

ಮೊದಲನೆಯದು ಕೊನೆಯ ಜಾಗ: ವಾಟ್ಸ್‌ಆ್ಯಪ್ ಸ್ಟೇಟಸ್ಸೋ, 12×18 ಇಂಚಿನ ಪ್ರಿಂಟೋ, ಪ್ರೊಜೆಕ್ಟರಿನಲ್ಲಿ ಓಡುವ ಚಲಿಸುವ ಚಿತ್ರವೋ. ಎರಡನೆಯದು ಮೇಲೆ ಹೇಳಿದ ಮೆಟ್ಟಿಲು, ಅಂದರೆ 16 ಬಿಟ್‌ನಲ್ಲಿ (ಅದರಲ್ಲಿ ಮೆಟ್ಟಿಲುಗಳು ಬಹಳ ಹೆಚ್ಚು) ಕೆಲಸ ಮಾಡಲು ಬರುತ್ತದೆಯೇ ಎಂಬುದು. ಮೂರನೆಯದು ಪೆನ್ನಿನ ಒತ್ತಡ ತಿಳಿಯುತ್ತದೆಯೇ, ಅಂದರೆ ಒತ್ತಿದಷ್ಟೂ ಗೆರೆ ದಪ್ಪವಾಗುತ್ತದೆಯೇ. ನಾಲ್ಕನೆಯದು ದುಡ್ಡು. ನಮ್ಮ ಕಡೆಯವರು ಐದನೆಯದೊಂದನ್ನು ಸೇರಿಸಿಕೊಳ್ಳಲೇಬೇಕು: ಬಿಸಿಲು, ಧೂಳು, ಕರೆಂಟು. ಸ್ಕ್ರೀನ್ ಮತ್ತು ಆ್ಯಡ್ ಎಂಬ ಬ್ಲೆಂಡ್ ಮೋಡ್‌ಗಳು (ಕೆಳಗಿನ ಬಣ್ಣಕ್ಕೆ ಬೆಳಕು ಕೂಡಿಸುವ ವಿಧಾನಗಳು) ಬೇಕೇ ಬೇಕು, ಆದರೆ ಕೆಳಗಿನ ಎಲ್ಲ ಆಯ್ಕೆಗಳಲ್ಲೂ ಅವು ಇರುವುದರಿಂದ ಅದರ ಚಿಂತೆ ಬಿಡಿ.

ಕೈಯಲ್ಲಿರುವ ಫೋನು

ಇಬಿಸ್ ಪೇಂಟ್ ಎಂಬ ಚಿತ್ರ ಬಿಡಿಸುವ ಆ್ಯಪ್ ಉಚಿತ, ನಡುನಡುವೆ ಜಾಹೀರಾತು ಬರುತ್ತದೆ ಅಷ್ಟೇ. ಹಸಿರು ಪರದೆಯ ಚಿತ್ರ ಫೋನಿನಲ್ಲೇ ನೋಡಲು ಇದ್ದರೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಒಂದು ಪರದೆ ಹೇಗೆ ಕಟ್ಟುವುದು ಎಂದು ಇಲ್ಲೇ ವಿವರವಾಗಿ ನೋಡೋಣ, ಬೇರೆ ಸಾಧನಗಳಲ್ಲೂ ಕ್ರಮ ಇದೇ.

1080×1920 ಪಿಕ್ಸೆಲ್ ಕ್ಯಾನ್ವಾಸ್ ತೆಗೆಯಿರಿ. ಕೆಳಗಿನ ಲೇಯರಿನಲ್ಲಿ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯಂಥದ್ದು) ಆಕಾಶ: ಮೇಲ್ಭಾಗಕ್ಕೆ ಕೆಂಪು 5, ಹಸಿರು 8, ನೀಲಿ 20, ದಿಗಂತಕ್ಕೆ ಬಂದಾಗ 12, 22, 38. ಪೂರಾ ಕಪ್ಪು ಬೇಡ, ಕಪ್ಪಿನ ಮೇಲೆ ಬೆಳಕು ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಎರಡನೆಯ ಲೇಯರಿನಲ್ಲಿ ನಕ್ಷತ್ರ, 1ರಿಂದ 3 ಪಿಕ್ಸೆಲ್ ಚುಕ್ಕೆಗಳು. ಧ್ರುವಪ್ರಭೆ ಪಾರದರ್ಶಕ, ಅದರ ಮೂಲಕವೂ ನಕ್ಷತ್ರ ಕಾಣಬೇಕು. ಹಾಗಾಗಿ ನಕ್ಷತ್ರದ ಲೇಯರ್ ಕೆಳಗೇ ಇರಲಿ. ಮೂರನೆಯ ಲೇಯರನ್ನು ಆ್ಯಡ್ ಮೋಡ್‌ಗೆ ಹಾಕಿ, ಒಪಾಸಿಟಿ (ದಟ್ಟತನ) 60. ಅದರಲ್ಲಿ 12 ಪಿಕ್ಸೆಲ್ ದಪ್ಪದ ಗಟ್ಟಿ ಬ್ರಷ್‌ನಿಂದ 70, 230, 130ರ ಹಸಿರಿನಲ್ಲಿ ಹಾವಿನಂತೆ ಬಳುಕುವ ಒಂದೇ ಒಂದು ಗೆರೆ ಎಳೆಯಿರಿ. ಹತ್ತಿರದ ಬಳುಕು ಅಗಲ, ದೂರದ್ದು ಇಕ್ಕಟ್ಟು. ಈ ಲೇಯರಿನ ಒಂದು ಪ್ರತಿ ಮಾಡಿ ಅಡಗಿಸಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಗೆರೆಗೆ ನೇರ ಮೇಲ್ಮುಖವಾಗಿ ಮೋಷನ್ ಬ್ಲರ್ ಮಾದರಿಯ ಫಿಲ್ಟರ್ ಕೊಡಿ. ಬಹಳ ಜನ ಎಡವುವುದು ಇಲ್ಲೇ: ಬ್ಲರ್ ಮೇಲಕ್ಕೂ ಹರಡುತ್ತದೆ, ಕೆಳಕ್ಕೂ ಹರಡುತ್ತದೆ. ಚೂಪಾಗಿರಬೇಕಾದ ಕೆಳಅಂಚು ಮಸುಕಾಗಿ, ಪರದೆ ಹೋಗಿ ಹಸಿರು ಹೊಗೆಯಾಗುತ್ತದೆ. ಅಡಗಿಸಿಟ್ಟ ಪ್ರತಿಯನ್ನು ತೋರಿಸಿ, ಅದರ ಗೆರೆಯ ಗುಂಟವೇ ಕೆಳಗಿನ ಭಾಗವನ್ನು ಅಳಿಸಿ. ಬ್ಲರ್ ಒಮ್ಮೆಗೆ ಸಾಲದಿದ್ದರೆ ಅಳಿಸುವ ಮೊದಲೇ ಇನ್ನೊಮ್ಮೆ ಕೊಡಿ. ಬಳಿಕ ಸ್ಮಡ್ಜ್ ಬ್ರಷ್ (ಬಣ್ಣವನ್ನು ತೀಡಿ ಹರಡುವುದು) ಹಿಡಿದು ಕೆಳಅಂಚಿನಿಂದ ಮೇಲಕ್ಕೆ ಎಳೆಯಿರಿ. ಎರಡು ಉದ್ದ, ಒಂದು ಗಿಡ್ಡ, ನಡುವೆ ಸ್ವಲ್ಪ ಖಾಲಿ, ಹೀಗೆ ಅಳತೆ ತಪ್ಪಿಸುತ್ತ ಹೋಗಬೇಕು. ಸಮ ಅಂತರದಲ್ಲಿ ಎಳೆದರೆ ಬಾಚಣಿಗೆ ಆಗುತ್ತದೆ. ಕೆಂಪಿಗೆ ಇನ್ನೊಂದು ಲೇಯರ್, 150, 30, 50, ಒಪಾಸಿಟಿ 30, ಮೆತ್ತನೆಯ ಏರ್‌ಬ್ರಷ್. ಗುಲಾಬಿ ಸೆರಗು ಮೂರ್ನಾಲ್ಕು ಪಿಕ್ಸೆಲ್ಲಿಗಿಂತ ದಪ್ಪವಾಗಬಾರದು, ಅದೂ ಎಲ್ಲ ಕಡೆ ಬೇಡ. ಕೊನೆಗೆ ಎಲ್ಲಕ್ಕಿಂತ ಮೇಲಿನ ಲೇಯರಿನಲ್ಲಿ ಬಂಡೆಗಳು, 8, 9, 12ರ ಕಪ್ಪಿನಲ್ಲಿ. ಅವುಗಳ ನೆತ್ತಿಗೆ ಮಾತ್ರ ತೆಳು ಹಸಿರು. ಒಂದರ ಮೇಲೊಂದು ಪೇರಿಸಿಟ್ಟಂತಿರುವ ನಮ್ಮ ಗುಂಡುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಆಕಾಶ ನುಣುಪು, ನೆಲ ಒರಟು.

ಫೋನಿನ ತೊಡಕುಗಳೂ ಇವೆ. ಬೆರಳಿಗೆ ಒತ್ತಡವಿಲ್ಲ. ನೂರಿನ್ನೂರು ರೂಪಾಯಿಯ ರಬ್ಬರ್ ತುದಿಯ ಸ್ಟೈಲಸ್ ಕೊಂಡರೂ ಒತ್ತಡ ಬರುವುದಿಲ್ಲ, ಅದು ಬೆರಳಿನ ಬದಲಿ ಅಷ್ಟೇ. ಬದಲಿಗೆ ಗೆರೆಯ ಆರಂಭ, ಅಂತ್ಯ ತೆಳುವಾಗಿಸುವ ಸೌಲಭ್ಯವನ್ನು ಬ್ರಷ್‌ನಲ್ಲೇ ಆನ್ ಮಾಡಿಕೊಳ್ಳಿ. ಏಪ್ರಿಲ್‌ನ ಬೆವರುಗೈಯಲ್ಲಿ ಗೆರೆ ಜಿಗಿಯುತ್ತದೆ, ಪಕ್ಕದಲ್ಲಿ ಒಣ ಬಟ್ಟೆ ಇರಲಿ. ಕಣ್ಣಿಗೆ ತಂಪೆಂದು ಹಾಕಿಕೊಂಡ ಹಳದಿ ಛಾಯೆಯ ಮೋಡ್ ತೆಗೆಯಿರಿ, ಇಲ್ಲವಾದರೆ ಅದನ್ನು ಸರಿದೂಗಿಸಲು ಹೋಗಿ ಚಿತ್ರವೆಲ್ಲ ನೀಲಿಯಾಗುತ್ತದೆ. ಅಮೊಲೆಡ್ ಪರದೆಯಿದ್ದರೆ ಬಣ್ಣದ ಸೆಟ್ಟಿಂಗನ್ನು ವಿವಿಡ್‌ನಿಂದ ನ್ಯಾಚುರಲ್‌ಗೆ ತನ್ನಿ. ಅದರ ಕಡುಗಪ್ಪು ಕೊಳೆಯನ್ನೆಲ್ಲ ನುಂಗುತ್ತದೆ. ಅದೇ ಚಿತ್ರ ಅಣ್ಣನ ಹಳೆಯ ಎಲ್‌ಸಿಡಿ ಫೋನಿನಲ್ಲಿ ತೆರೆದಾಗ ಕಲೆ, ಪಟ್ಟೆ ಎಲ್ಲ ಬಯಲು. ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಹೋದರೆ ಕುಗ್ಗಿಸುವಾಗ ಮಬ್ಬೆಲ್ಲ ಚೌಕಚೌಕವಾಗುತ್ತದೆ.

ಪಟ್ಟೆ ಬೀಳುವುದರಿಂದ ಕೆಂಪು ಮಬ್ಬಿನ ಚಿತ್ರವನ್ನು ಫೋನಿನಲ್ಲಿ ಮಾಡಬೇಡಿ ಎನ್ನುವುದೇ ನಮ್ಮ ಸಲಹೆ. ಮಾಡಿದರೂ ದೊಡ್ಡದಾಗಿ ಪ್ರಿಂಟ್ ಹಾಕಿಸಬೇಡಿ.

ಕಂಪ್ಯೂಟರ್, ಪೆನ್ ಟ್ಯಾಬ್ಲೆಟ್, ಕ್ರಿಟಾ

ಮನೆಯಲ್ಲಿ 8 ಜಿಬಿ ರ‍್ಯಾಮ್‌ನ ಕಂಪ್ಯೂಟರ್ ಈಗಾಗಲೇ ಇದ್ದರೆ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಕೆಲಸ ಮಾಡುವ ಜೋಡಿ ಇದು. ಕ್ರಿಟಾ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಪೂರ್ತಿ ಉಚಿತ, ವಿಂಡೋಸ್‌ಗೂ ಲಿನಕ್ಸ್‌ಗೂ ಸಿಗುತ್ತದೆ. ವಾಕಾಮ್, ಹುಯಾನ್, ಎಕ್ಸ್‌ಪಿ-ಪೆನ್ ಕಂಪನಿಗಳ, ಕಂಪ್ಯೂಟರಿಗೆ ಜೋಡಿಸಿ ಪೆನ್ನಿನಿಂದ ಬಿಡಿಸುವ ಹಲಗೆಯಂಥ, ಪರದೆಯಿಲ್ಲದ ಸಣ್ಣ ಟ್ಯಾಬ್ಲೆಟ್‌ಗಳು ಸುಮಾರು ಮೂರರಿಂದ ಐದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಬರುತ್ತವೆ. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇರುವುದು ಮೊದಲ ಒಂದೆರಡು ವಾರ ಹಿಂಸೆ. ಆಮೇಲೆ ಅಭ್ಯಾಸವಾಗುತ್ತದೆ.

ಇದನ್ನು ಆರಿಸಲು ದೊಡ್ಡ ಕಾರಣ 16 ಬಿಟ್. ಹೊಸ ಕಡತ ತೆರೆಯುವಾಗಲೇ ಡೆಪ್ತ್ ಎಂಬಲ್ಲಿ 16 ಬಿಟ್ ಇಂಟಿಜರ್ ಆರಿಸಿ. ಆಮೇಲೆ ಬದಲಿಸಿದರೆ ಆಗಲೇ ಬಿದ್ದ ಪಟ್ಟೆಗಳು ಹೋಗುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆ ಮೆಮೊರಿ. 12×18 ಇಂಚಿಗೆ 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಲೆಕ್ಕದಲ್ಲಿ 3600×5400 ಪಿಕ್ಸೆಲ್, ಅಂದರೆ ಸುಮಾರು 1.94 ಕೋಟಿ. ಒಂದು ತುಂಬಿದ ಲೇಯರಿಗೆ 8 ಬಿಟ್‌ನಲ್ಲಿ ಸುಮಾರು 78 ಎಂಬಿ, 16 ಬಿಟ್‌ನಲ್ಲಿ 156 ಎಂಬಿ. ಹತ್ತು ಲೇಯರ್ ಹೊತ್ತಿಗೆ ಒಂದೂವರೆ ಜಿಬಿ ಆಯಿತು, ಅನ್‌ಡೂ ಇತಿಹಾಸ ಬೇರೆ. 4 ಜಿಬಿ ಕಂಪ್ಯೂಟರಿನಲ್ಲಿ ಇದು ಎತ್ತಿನಗಾಡಿ. ಅಂಥದ್ದಿದ್ದರೆ ಟ್ಯಾಬ್ಲೆಟ್ಟಿಗಿಂತ ಮೊದಲು ರ‍್ಯಾಮ್ ಹಾಕಿಸಿ.

16 ಬಿಟ್‌ನಲ್ಲಿ ಮಾಡಿದ್ದೂ ಕೊನೆಗೆ ಸಾಮಾನ್ಯವಾಗಿ 8 ಬಿಟ್‌ನ ಪಿಎನ್‌ಜಿ ಅಥವಾ ಜೆಪೆಗ್ ಆಗಿ ಹೊರಬರುತ್ತದೆ, ಅಲ್ಲಿ ಆ 60 ಮೆಟ್ಟಿಲು ಮತ್ತೆ ತಲೆಯೆತ್ತುತ್ತವೆ. ಅದಕ್ಕೆ ಮದ್ದು ನಾಯ್ಸ್, ಅಂದರೆ ಚಿತ್ರದ ಮೇಲೆ ಉದುರಿಸುವ ಸಣ್ಣ ಸಣ್ಣ ಚುಕ್ಕೆಗಳು. ಎಲ್ಲ ಲೇಯರ್ ಕೂಡಿಸಿದ ಪ್ರತಿಯ ಮೇಲೆ, 16 ಬಿಟ್‌ನಲ್ಲಿ ಇರುವಾಗಲೇ, ನಾಯ್ಸ್ ಫಿಲ್ಟರನ್ನು ಎರಡು-ಮೂರು ಶೇಕಡದಷ್ಟು ಕೊಟ್ಟು ಆಮೇಲೆ ಎಕ್ಸ್‌ಪೋರ್ಟ್ ಮಾಡಿ. ಮೆಟ್ಟಿಲಿನ ಅಂಚು ಪುಡಿಪುಡಿಯಾಗಿ ಕಣ್ಣಿಗೆ ಸಿಗದಂತಾಗುತ್ತದೆ. ಮರಳು ಚೆಲ್ಲಿದಂತೆ ಕಂಡರೆ ಹೆಚ್ಚಾಯಿತು ಎಂದರ್ಥ.

ಟ್ಯಾಬ್ಲೆಟ್ ತಂದ ದಿನ ಒತ್ತಡ ಕೆಲಸ ಮಾಡದಿದ್ದರೆ ವಾಪಸ್ ಕೊಡಲು ಓಡಬೇಡಿ. ಕ್ರಿಟಾದ ಸೆಟ್ಟಿಂಗ್ಸ್‌ನಲ್ಲಿ ಟ್ಯಾಬ್ಲೆಟ್ ಎಂಬಲ್ಲಿ ವಿನ್‌ಟ್ಯಾಬ್ ಮತ್ತು ವಿಂಡೋಸ್ ಇಂಕ್ ಎಂದು ಎರಡಿವೆ. ಒಂದರಲ್ಲಿ ಆಗದ್ದು ಇನ್ನೊಂದರಲ್ಲಿ ಆಗುತ್ತದೆ, ಬದಲಿಸಿ ಕ್ರಿಟಾ ಮುಚ್ಚಿ ತೆರೆಯಬೇಕು. ವೃತ್ತ ಎಳೆದರೆ ಮೊಟ್ಟೆಯಾಗುತ್ತಿದ್ದರೆ ಟ್ಯಾಬ್ಲೆಟ್‌ನ ಅಳತೆಯೂ ಮಾನಿಟರಿನದೂ ಹೊಂದುತ್ತಿಲ್ಲ. ಡ್ರೈವರಿನಲ್ಲಿ ಅನುಪಾತ ಸರಿಮಾಡಿ. ಇನ್ನು ಧೂಳು. ಸಂಡೂರು ಕಡೆಯ ಕೆಂಧೂಳು ಟ್ಯಾಬ್ಲೆಟ್‌ನ ಮೇಲೆ ಕೂತರೆ ಪೆನ್ನಿನ ತುದಿಯನ್ನು ಉಪ್ಪುಕಾಗದದಂತೆ ಸವೆಸುತ್ತದೆ. ಕೂರುವ ಮೊದಲು ಒರೆಸುವುದು ರೂಢಿಯಾಗಲಿ, ಪೆಟ್ಟಿಗೆಯಲ್ಲಿ ಬಂದ ಬದಲಿ ತುದಿಗಳನ್ನು ಕಳೆಯಬೇಡಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಕೂರಬೇಡಿ. ಕಂಟ್ರೋಲ್, ಆಲ್ಟ್, ಎಸ್ ಒಟ್ಟಿಗೆ ಒತ್ತಿದರೆ ಕ್ರಿಟಾ ಹೊಸ ಸಂಖ್ಯೆಯ ಪ್ರತಿ ಉಳಿಸುತ್ತದೆ. ಮಬ್ಬು ಕೆಟ್ಟುಹೋದಾಗ ಹಿಂದಿನದಕ್ಕೆ ಮರಳಲು ಇದು ದೇವರಿದ್ದಂತೆ.

ಈ ಟ್ಯಾಬ್ಲೆಟ್‌ಗಳಲ್ಲಿ ಹಲವನ್ನು ಓಟಿಜಿ ತಂತಿಯಿಂದ ಆಂಡ್ರಾಯ್ಡ್ ಫೋನಿಗೂ ಜೋಡಿಸಬಹುದು, ಆದರೆ ಫೋನಿನಲ್ಲಿ ಸಾಮಾನ್ಯವಾಗಿ ಹಲಗೆಯ ಒಂದು ಭಾಗವಷ್ಟೇ ಕೆಲಸ ಮಾಡುತ್ತದೆ. ಕಂಪ್ಯೂಟರ್ ಮುಂದಿನ ವರ್ಷ ಕೊಳ್ಳುವ ಯೋಚನೆ ಇರುವವರಿಗೆ ಇದು ಒಳ್ಳೆಯ ನಡುದಾರಿ.

ಐಪ್ಯಾಡ್ ಮತ್ತು ಪ್ರೊಕ್ರಿಯೇಟ್

ಕೈಗೆ ಇದರಷ್ಟು ಹಿತ ಬೇರೆ ಯಾವುದೂ ಇಲ್ಲ, ಒಪ್ಪಬೇಕು. ಪರದೆಯ ಮೇಲೇ ಬರೆಯುತ್ತೀರಿ, ಲಿಕ್ವಿಫೈ ಎಂಬ ಸಲಕರಣೆ ಹಿಡಿದು ಹಸಿರು ಪರದೆಯ ಮಡಿಕೆಗಳನ್ನು ಬೆರಳಲ್ಲೇ ತಿರುಚುತ್ತೀರಿ. ಮೋಷನ್ ಬ್ಲರ್, ನಾಯ್ಸ್ ಎಲ್ಲ ಒಳಗೇ ಇವೆ. ಪ್ರೊಕ್ರಿಯೇಟ್ ಎಂಬ ಐಪ್ಯಾಡ್ ಆ್ಯಪ್‌ಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ತಿಂಗಳ ಬಾಡಿಗೆಯಿಲ್ಲ. ಆದರೆ ಐಪ್ಯಾಡ್, ಪೆನ್ಸಿಲ್ ಎರಡೂ ಸೇರಿದರೆ ಹೊಸದು ನಲವತ್ತು ಸಾವಿರದ ಗಡಿಗೆ ಬರುತ್ತದೆ. ಆ್ಯಪಲ್ ಪೆನ್ಸಿಲ್ ಹಲವು ಬಗೆ, ಎಲ್ಲ ಪೆನ್ಸಿಲ್ ಎಲ್ಲ ಐಪ್ಯಾಡಿಗೆ ಕೂಡುವುದಿಲ್ಲ. ಯುಎಸ್‌ಬಿ-ಸಿ ಪೆನ್ಸಿಲ್ ಅಗ್ಗವೆಂದು ಕೊಳ್ಳುವವರು ಗಮನಿಸಿ: ಅದರಲ್ಲಿ ಒತ್ತಡ ತಿಳಿಯುವುದಿಲ್ಲ. ಚಿತ್ರಕ್ಕೆ ಬೇಕಾದ್ದೇ ಇಲ್ಲದ ಮೇಲೆ ಉಳಿಸಿದ ದುಡ್ಡಿಗೆ ಅರ್ಥವಿಲ್ಲ. ಕ್ಯಾನ್ವಾಸ್ ದೊಡ್ಡದಾದಷ್ಟೂ ಲೇಯರ್ ಸಂಖ್ಯೆ ಕಡಿಮೆಯಾಗುತ್ತದೆ, 12×18 ಪ್ರಿಂಟಿಗೆ ಮಾಡುವವರು ಹೊಸ ಕ್ಯಾನ್ವಾಸ್ ತೆರೆಯುವಾಗಲೇ ಎಷ್ಟು ಲೇಯರ್ ಸಿಗುತ್ತದೆ ಎಂದು ನೋಡಿಕೊಳ್ಳಬೇಕು.

ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳುವುದಿಲ್ಲ. ಐಪ್ಯಾಡನ್ನು 0ರಿಂದ 35 ಡಿಗ್ರಿ ಉಷ್ಣಾಂಶದಲ್ಲಿ ಬಳಸಿ ಎಂದು ಆ್ಯಪಲ್ ಕಂಪನಿಯೇ ಹೇಳುತ್ತದೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಫ್ಯಾನಿನ ಕೆಳಗೂ ಅದನ್ನು ಮೀರುತ್ತದೆ. ಬಿಸಿಯಾದರೆ ಪರದೆ ತಾನಾಗಿ ಮಂಕಾಗುತ್ತದೆ. ಕತ್ತಲೆಯ ಚಿತ್ರದಲ್ಲಿ ನೀವು ಬೆಳಕು ಸಾಲದೆಂದು ಬಣ್ಣ ಏರಿಸುತ್ತ ಹೋಗುತ್ತೀರಿ, ಸಂಜೆ ತೆರೆದು ನೋಡಿದರೆ ಹಸಿರು ಕಣ್ಣಿಗೆ ಹೊಡೆಯುತ್ತದೆ. ಬೇಸಿಗೆಯಲ್ಲಿ ಬೆಳಗಿನ ಜಾವ ಅಥವಾ ರಾತ್ರಿ ಕೂರುವವರಿಗಷ್ಟೇ ಇದು ಸುಖ. ದುಡಿಮೆಗಾಗಿ ದಿನಕ್ಕೆ ಮೂರ್ನಾಲ್ಕು ಗಂಟೆ ಬಿಡಿಸುವವರಿಗೆ ಹಾಕಿದ ದುಡ್ಡು ವಸೂಲಿ. ವರ್ಷಕ್ಕೆ ನಾಲ್ಕು ಚಿತ್ರ ಮಾಡುವವರಿಗೆ ಅಲ್ಲ.

ಎಸ್ ಪೆನ್ ಜೊತೆ ಬರುವ ಸ್ಯಾಮ್ಸಂಗ್ ಟ್ಯಾಬ್‌ಗಳು ಕಡಿಮೆ ಬೆಲೆಯ ಪರ್ಯಾಯ. ಎ ಸರಣಿಯ ಅಗ್ಗದ ಟ್ಯಾಬ್‌ಗಳಲ್ಲಿ ಬಹಳಷ್ಟಕ್ಕೆ ಎಸ್ ಪೆನ್ ನಡೆಯುವುದಿಲ್ಲ, ಪೆಟ್ಟಿಗೆ ಓದಿ ಕೊಳ್ಳಿ.

ಬಿಡಿಸದೆ, ಕೋಡ್ ಬರೆದು

ಚಿತ್ರ ಅಲುಗಾಡಬೇಕು, ಶಾಲೆಯ ವಿಜ್ಞಾನ ಮೇಳದ ಪ್ರೊಜೆಕ್ಟರಿನಲ್ಲಿ ಓಡಬೇಕು ಎನ್ನುವವರಿಗೆ ಮೇಲಿನ ಮೂರೂ ಸುತ್ತುದಾರಿ. ಪಿ5 ಜೆಎಸ್ ಎಂಬ, ಕೋಡ್ ಬರೆದು ಚಿತ್ರ ಮಾಡುವ ಸಲಕರಣೆ ಬ್ರೌಸರಿನಲ್ಲೇ ನಡೆಯುತ್ತದೆ, ಉಚಿತ, ಡ್ರಾಯಿಂಗ್ ಕೈ ಬೇಕಿಲ್ಲ. ಲೆಕ್ಕ ಸರಳ: ಎಡದಿಂದ ಬಲಕ್ಕೆ ಎರಡೆರಡು ಪಿಕ್ಸೆಲ್ಲಿಗೆ ಒಂದು ನಿಂತ ಗೆರೆ. ಗೆರೆಯ ಬುಡ ಎಲ್ಲಿ ಎಂಬುದನ್ನು ನಾಯ್ಸ್ ಫಂಕ್ಷನ್ (ನಯವಾಗಿ ಏರಿಳಿಯುವ ಅಂಕೆ ಕೊಡುವ ಸೂತ್ರ) ಹೇಳುತ್ತದೆ, ಅಡ್ಡಸ್ಥಾನವನ್ನು 0.005ರಿಂದ ಗುಣಿಸಿ ಕೊಟ್ಟರೆ ದೊಡ್ಡ ಬಳುಕು. ಗೆರೆಯ ಎತ್ತರಕ್ಕೆ 0.03ರಿಂದ ಗುಣಿಸಿದ ಇನ್ನೊಂದು ನಾಯ್ಸ್, ಅದು ಸಣ್ಣ ಎಳೆಗಳನ್ನು ಕೊಡುತ್ತದೆ. ಪ್ರತಿ ಫ್ರೇಮಿಗೆ ಕಾಲವನ್ನು 0.003ರಷ್ಟು ಮುಂದೂಡಿ. ಹೆಚ್ಚಿಸಿದರೆ ಪರದೆ ಬಿರುಗಾಳಿಗೆ ಸಿಕ್ಕ ಪತಾಕೆಯಾಗುತ್ತದೆ. ಬ್ಲೆಂಡ್ ಮೋಡ್ ಆ್ಯಡ್‌ನಲ್ಲಿರಲಿ, ಆದರೆ ಪ್ರತಿ ಫ್ರೇಮಿನ ಆರಂಭಕ್ಕೆ ಅದನ್ನು ಮಾಮೂಲಿ ಬ್ಲೆಂಡ್‌ಗೆ ತಂದು ಹಿನ್ನೆಲೆ ಬಳಿಯಬೇಕು. ಮರೆತರೆ ಬೆಳಕಿನ ಮೇಲೆ ಬೆಳಕು ಕೂಡುತ್ತ ಕೆಲವೇ ಕ್ಷಣದಲ್ಲಿ ಪರದೆಯೆಲ್ಲ ಬಿಳಿ. ಹಳೆಯ ಕಂಪ್ಯೂಟರಿನಲ್ಲಿ ತಡವರಿಸಿದರೆ ಎರಡರ ಬದಲು ಆರು ಪಿಕ್ಸೆಲ್ಲಿಗೆ ಒಂದು ಗೆರೆ, ದಪ್ಪವನ್ನೂ ಆರಕ್ಕೆ ಏರಿಸಿ.

ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಮೂರು ಆಯಾಮದಲ್ಲಿ ಮಾಡುವುದೂ ಸಾಧ್ಯ, ಉಚಿತವೂ ಹೌದು, ಆದರೆ ಕಲಿಯುವ ತಿಂಗಳುಗಳ ಲೆಕ್ಕ ಬೇರೆ. ಎಐ ಚಿತ್ರದ ಬಗ್ಗೆ ಒಂದೇ ಮಾತು: ಲೇಯರ್ ಸಿಗುವುದಿಲ್ಲ, ಕೆಂಪು-ಹಸಿರಿನ ಕ್ರಮ ಅದರ ಮನಸ್ಸಿಗೆ ಬಂದಂತೆ. ಸ್ಪರ್ಧೆಗೆ ಕಳಿಸುವವರು ಮೊದಲು ನಿಯಮ ಓದಲಿ.

ಪ್ರಿಂಟ್ ಹಾಕಿಸುವವರಿಗೆ

ಸಾಧನ ಯಾವುದಾದರೂ ಆಗಲಿ, ಧ್ರುವಪ್ರಭೆಯ ಹಸಿರು ಪ್ರೆಸ್ಸಿನಲ್ಲಿ ಸಾಯುತ್ತದೆ. ಪರದೆ ಬೆಳಕು ಸೂಸುತ್ತದೆ, ಕಾಗದ ಸೂಸುವುದಿಲ್ಲ. ನಾಲ್ಕು ಶಾಯಿಯ ಸಿಎಂವೈಕೆ ಮುದ್ರಣಕ್ಕೆ ಆ ಹೊಳಪಿನ ಹಸಿರು ಎಟುಕುವುದಿಲ್ಲ, ಬರುವುದು ಬಾಡಿದ ಸೊಪ್ಪಿನ ಬಣ್ಣ. ಫ್ಲೆಕ್ಸ್ ದೂರದಿಂದ ನೋಡಲು ಸರಿ, ಮಬ್ಬಿನ ಚಿತ್ರಕ್ಕೆ ಬೇಡ. ಮದುವೆ ಫೋಟೋ ತೊಳೆಯುವ ಲ್ಯಾಬಿನ ಫೋಟೋ ಕಾಗದ ಇದಕ್ಕೆ ಎಲ್ಲಕ್ಕಿಂತ ಮೇಲು; ಕಪ್ಪು ಗಟ್ಟಿಯಾಗಿ ಬರುತ್ತದೆ, ಕಡತವನ್ನು ಎಸ್‌ಆರ್‌ಜಿಬಿಯಲ್ಲಿ (ಪರದೆಗಳ ಮಾಮೂಲಿ ಬಣ್ಣಕ್ರಮ) ಕೊಟ್ಟರೆ ಸಾಕು.

ದೊಡ್ಡದಕ್ಕೆ ಆರ್ಡರ್ ಕೊಡುವ ಮೊದಲು ಒಂದು 4×6 ಇಂಚಿನ ಕಾರ್ಡು ಮಾಡಿಸಿ. ಅದರಲ್ಲಿ ಪರದೆ ಮತ್ತು ಬಂಡೆ ಕೂಡುವ ಜಾಗದ ಒಂದೇ ತುಣುಕನ್ನು ನಾಲ್ಕು ಸಲ ಪಕ್ಕಪಕ್ಕ ಇಡಿ: ಇದ್ದದ್ದು ಇದ್ದ ಹಾಗೆ, ಹಸಿರಿನ ಸ್ಯಾಚುರೇಷನ್ (ಬಣ್ಣದ ಗಾಢತೆ) 15 ಇಳಿಸಿದ್ದು, ಕತ್ತಲೆಯ ಭಾಗ 10 ಏರಿಸಿದ್ದು, ಎರಡನ್ನೂ ಮಾಡಿದ್ದು. ಹಿಂಬದಿಯಲ್ಲಿ ಪೆನ್ಸಿಲ್‌ನಿಂದ 1, 2, 3, 4 ಎಂದು ಬರೆದುಕೊಳ್ಳಿ. ಲ್ಯಾಬಿನ ಟ್ಯೂಬ್‌ಲೈಟಿನಲ್ಲಿ ನೋಡಿ ಒಪ್ಪಬೇಡಿ. ಕಾರ್ಡನ್ನು ಮನೆಗೆ ತಂದು, ಚಿತ್ರ ತೂಗುಹಾಕುವ ಗೋಡೆಗೆ ಹಿಡಿದು, ಹಗಲಲ್ಲೊಮ್ಮೆ, ದೀಪ ಹಾಕಿ ಒಮ್ಮೆ ನೋಡಿ ಆರಿಸಿ.